ನಲವತ್ತೆಂಟನೆಯ ನಂಟು

ಫಕೀರವ್ವ ಎರಡನೆಯ ಸಲವೂ ಏಳಲಿಲ್ಲ ಎಂಬ ಸುದ್ದಿ ನನ್ನ ಮೇಜಿಗೆ ಒಂದು ದೂರಿನ ಸಂಖ್ಯೆಯಾಗಿ ಬಂತು. ಸೋಮವಾರ, ಬೆಳಿಗ್ಗೆ ಹತ್ತೂವರೆ. ಸಂಖ್ಯೆಯ ಕೆಳಗೆ ತಂಪುಮನೆಯ ಡಾಕ್ಟರ್ ಸುಮತಿ ಉಪಾಧ್ಯೆ ಎರಡು ಸಾಲು ಬರೆದಿದ್ದರು: ‘ನಿಮ್ಮ ದಫ್ತರ ತಪ್ಪು ಹೆಂಗಸನ್ನು ಕಳಿಸುತ್ತಿದೆ. ಇನ್ನು ಒಂದೇ ಸಲ ಉಳಿದಿದೆ, ಗುರುವಾರ ನಾಲ್ಕು ಗಂಟೆಗೆ.’

ಆ ‘ನಿಮ್ಮ’ ಎಂಬುದು ಇಲಾಖೆಗೆ ಹೇಳಿದ್ದೋ ನನಗೆ ಹೇಳಿದ್ದೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ದಫ್ತರವನ್ನೂ ತಂಪುಮನೆಯ ಅಪ್ಲಿಕೇಶನ್ನನ್ನೂ ಜೋಡಿಸಿದವಳು ನಾನೇ. ಹಾಗಾಗಿ ಎರಡೂ ಒಂದೇ ಆಗಿತ್ತು.

ಆಗ ಬೇಸಿಗೆ ಫೆಬ್ರುವರಿಯಲ್ಲಿ ಶುರುವಾಗಿ ಜುಲೈವರೆಗೆ ನಡೆಯುತ್ತಿತ್ತು. ಬಯಲಲ್ಲಿ ದುಡಿಯುವವರ ತಲೆಗೆ ಬಿಸಿಲು ಏರಿ ಮಿದುಳು ಬಾತುಕೊಳ್ಳುತ್ತಿತ್ತು. ಅಂಥವರನ್ನು ತಂಪುಮನೆಯಲ್ಲಿ ಮಲಗಿಸಿ, ಮೈಯ ಶಾಖ ಇಳಿಸಿ, ಒಂದು ಔಷಧ ಕೊಟ್ಟು ದಿನಗಟ್ಟಲೆ ನಿದ್ರೆಯಲ್ಲಿ ಇಡುತ್ತಿದ್ದರು. ಬಾವು ಇಳಿಯುತ್ತಿತ್ತು, ಜೀವ ಉಳಿಯುತ್ತಿತ್ತು. ಆದರೆ ಆ ನಿದ್ರೆಯಿಂದ ಯಾರೂ ತಾವಾಗಿ ಮೇಲೆ ಬರುತ್ತಿರಲಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಹಗಲೆಲ್ಲ ಕಿವಿಗೆ ಬಿದ್ದ ದನಿಯೊಂದು ಮಿದುಳಿನ ತಳದಲ್ಲಿ, ಔಷಧ ಮುಟ್ಟದ ಜಾಗದಲ್ಲಿ ಇರುತ್ತದೆ. ಅದೇ ದನಿ ಹತ್ತಿರ ಕೂತು ಮಾತಾಡಿದರೆ ಮಲಗಿದವರು ಆ ಮಾತನ್ನು ಹಿಡಿದು ಹತ್ತಿ ಬರುತ್ತಾರೆ. ಮುದ್ರಿಸಿದ ದನಿ ಸಾಲದು. ಉಸಿರಿಗೆ ತಕ್ಕ ಹಾಗೆ ನಿಲ್ಲಿಸಿ, ಕಾದು, ಮತ್ತೆ ಕರೆಯಬೇಕು. ಅದು ಬದುಕಿರುವ ಗಂಟಲಿಗೆ ಮಾತ್ರ ಆಗುವ ಕೆಲಸ. ಪ್ರತಿ ಪ್ರಯತ್ನಕ್ಕೂ ನಿದ್ರೆ ತೆಳುವಾಗಲು ಇನ್ನೊಂದು ಮದ್ದು ಕೊಡಬೇಕಾಗುತ್ತಿತ್ತು. ಮೂರಕ್ಕಿಂತ ಹೆಚ್ಚು ಸಲ ಅದನ್ನು ತಾಳುವ ಮಿದುಳು ಇರಲಿಲ್ಲ. ಮೂರೂ ತಪ್ಪಿದವರು ಮಲಗಿಯೇ ಇರುತ್ತಿದ್ದರು, ಮನೆಯವರು ಸಾಕು ಎನ್ನುವವರೆಗೆ.

ಯಾರ ದನಿ ಎಂದು ಹೇಳುವುದು ಸಂಬಂಧ ದಫ್ತರದ ಕೆಲಸ. ಹೆಸರು ದಫ್ತರ, ಇರುವುದು ಡೇಟಾಬೇಸ್. ರಾಜ್ಯದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಸಾಲು, ಪ್ರತಿ ಸಾಲಿಗೂ ಒಂದು ಕೀ. ಮಗಳ ಸಾಲಿನ ‘ತಾಯಿ’ ಕಾಲಂನಲ್ಲಿ ತಾಯಿಯ ಸಾಲಿನ ಕೀ ಕೂತಿರುತ್ತದೆ. ಅದೇ ಅವರಿಬ್ಬರ ನಂಟು. ರಕ್ತ ಪರೀಕ್ಷೆಯಿಂದ ನಂಟು ಗೊತ್ತು ಮಾಡುವುದನ್ನು ಸಂಬಂಧ ಕಾಯಿದೆ ನಿಷೇಧಿಸಿತ್ತು. ಆ ಪರೀಕ್ಷೆಯಿಂದ ಎಷ್ಟೋ ಮನೆಗಳು ಒಡೆದ ನಂತರ ಬಂದ ಕಾಯಿದೆ ಅದು. ದಫ್ತರ ಹೇಳಿದ್ದೇ ಮಾತು. ಎಚ್ಚರದ ಕೋಣೆಯ ಬಾಗಿಲೂ ಮೈಕೂ ದಫ್ತರ ಹೇಳಿದ ಬೆರಳಿಗಷ್ಟೇ ತೆರೆದುಕೊಳ್ಳುತ್ತಿದ್ದವು, ಡಾಕ್ಟರು ಹೇಳಿದರೂ ಬೇರೆಯವರಿಗೆ ತೆರೆಯುತ್ತಿರಲಿಲ್ಲ.

ಆ ಬಾಗಿಲಿನ ಅಪ್ಲಿಕೇಶನ್ ಹೊಸದು. ಅದು ನಿಂತಿದ್ದ ಫ್ರೇಮ್‌ವರ್ಕ್ ಕೂಡ ಹೊಸದು. ಫ್ರೇಮ್‌ವರ್ಕ್ ಅಂದರೆ ಬಾಗಿಲು ಎಲ್ಲಿ, ಒಲೆ ಎಲ್ಲಿ ಎಂದು ಮೊದಲೇ ತೀರ್ಮಾನವಾದ ಮನೆ. ನಾವು ಸಾಮಾನು ತಂದು ಇಡುತ್ತೇವೆ. ದಫ್ತರಕ್ಕೆ ಅದನ್ನು ಜೋಡಿಸುವ ಐದು ಸಾಲು, ಎಂದರೆ ಸರ್ವರಿನ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್ ಇತ್ಯಾದಿ ಬರೆಯಲು ನನಗೆ ಹತ್ತು ನಿಮಿಷ ಹಿಡಿದಿತ್ತು. ಉಳಿದ ಮೂರು ತಿಂಗಳು ಹೋದದ್ದು ಈ ಕಡೆಯ ಹೆಸರು ಆ ಕಡೆಯ ಯಾವ ಹೆಸರಿಗೆ ಸಮ ಎಂದು ಒಂದೊಂದಾಗಿ ಒಪ್ಪಿಸುವುದರಲ್ಲಿ. ಅಪ್ಲಿಕೇಶನ್ನಿನಲ್ಲಿ ‘ಮೊದಲ ದನಿ’ ಎಂಬ ಜಾಗ ಇತ್ತು. ದಫ್ತರದಲ್ಲಿ ಅಂಥ ಕಾಲಂ ಇರಲಿಲ್ಲ. ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಮುನ್ನ, ನಾನು ಬರೆದೆ: ಮೊದಲ ದನಿ ಅಂದರೆ ತಾಯಿ. ಅನುಮಾನವೇ ಬರಲಿಲ್ಲ. ಯಾವುದಕ್ಕೂ ನಾಲ್ಕು ಸಲ ಅನುಮಾನ ಪಡುವವಳು ನಾನು.

ಫಕೀರವ್ವನ ಸಾಲು ತೆರೆದೆ. ಪಕ್ಕದ ಮೇಜಿನ ಕೊಟ್ರೇಶ ಕುರ್ಚಿ ಎಳೆದುಕೊಂಡು ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಡೇಟಾಬೇಸಿನ ಕಾವಲು ಅವನದು.

“ಸಾಲು ಸರಿ ಐತಲ್ರೀ ಮೇಡಂ. ಫಕೀರವ್ವ, ವಯಸ್ಸು ಇಪ್ಪತ್ತೊಂಬತ್ತು, ಊರು ಕರೆಹೊಲ. ಕಾಲುವಿ ಗೇಟ್ ನೋಡ್ಕೊಳ್ಳಾಕಿ. ಮದುವಿ ಆಗಿಲ್ಲ. ತಾಯಿ ಖಾತೂನಬಿ, ಜಮಖಾನ ನೇಯಾಕಿ. ಕೀ ಕೂಡ್ತೈತಿ, ಬೆರಳು ಕೂಡ್ತೈತಿ. ಇನ್ನೇನ್ ಬೇಕು?”

“ದನಿ ಕೂಡವಲ್ದು.”

“ದನಿ ನಮ್ ಖಾತೆ ಅಲ್ರೀ. ಡಾಕ್ಟರ್ ಬಾಯಿಗೆ ಯಾರ್ನರ ಬೈಬೇಕು, ನಮ್ನ ಬೈತಾರ.”

ಅವನ ಮಾತು ಸರಿ. ಆದರೂ ನಾನು ಆ ಎರಡು ಹೆಸರುಗಳನ್ನು ನೋಡುತ್ತಾ ಕೂತೆ. ಯಂತ್ರಕ್ಕೆ ಹೆಸರು ಅಂದರೆ ಅಕ್ಷರಗಳು, ಇಷ್ಟುದ್ದ ಎಂಬ ಅಳತೆ. ಖಾತೂನಬಿಯ ಮಗಳು ಫಾತಿಮಾ ಆಗಬಹುದು, ಫಕೀರಬಿಯೂ ಆಗಬಹುದು. ಫಕೀರವ್ವ ಹೇಗಾದಳು?

ಸಂಜೆ ಅಡುಗೆಮನೆಯಲ್ಲಿ ನಮ್ಮ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ತವೆಯ ಮುಂದೆ ಕೂತು ಬೇಯಿಸುತ್ತಿದ್ದೆ. ರೋಗಿಯ ವಿಷಯ ಹೊರಗೆ ಹೇಳುವಂತಿಲ್ಲ. ಹಾಗಾಗಿ ಹೆಸರನ್ನು ಮಾತ್ರ ಕೇಳಿದೆ.

“ಅತ್ತಿ, ಫಕೀರವ್ವ ಅಂತ ಹೆಸರು ಯಾರು ಇಡ್ತಾರ?”

“ಇಡೂದಲ್ಲವಾ ಅದು, ಬೀಳೂದು. ಕಾಲೇಜು ಕಲ್ತಾಕಿ, ಇಷ್ಟೂ ಗೊತ್ತಿಲ್ಲೇನು?” ಹಿಟ್ಟಿನ ಕೈ ಎತ್ತಿ ಹಣೆ ಒರೆಸಿಕೊಂಡರು. “ಕೂಸು ದಕ್ಕಲಿಲ್ಲಂದ್ರ, ಎರಡು ಹೋತು, ಮೂರು ಹೋತಂದ್ರ, ಮುಂದಿಂದು ಹುಟ್ಟಿದ ಕೂಡ್ಲೆ ಕಾಳು ಕೇರೂ ಮರದಾಗ ಹಾಕಿ ಫಕೀರಗ ಮಾರ್ತಿದ್ರು. ಇಲ್ಲಾ ಬಾಜೂಕಿನ ಮುಸಲರ ಮನಿಗೆ. ಒಂದು ಮರ ತೌಡು ಕೊಟ್ಟು ಅವ್ರು ಕೊಳ್ಳೂದು. ಮುಗೀತು, ಇನ್ನ ಅದು ಅವ್ರ ಕೂಸು. ಹೆತ್ತಾಕಿ ಬರೇ ಹಾಲು ಕುಡಸಾಕಿ, ಎತ್ತಿ ಆಡ್ಸಾಕಿ. ಜವರಾಯ ಬಂದು ಈ ಮನ್ಯಾಗ ಹುಡುಕಿದ್ರ ಇವರದು ಯಾವ ಕೂಸೂ ಇರೂದಿಲ್ಲ.”

“ಆಮೇಲೆ? ದೊಡ್ಡದಾದ ಮ್ಯಾಲೆ?”

“ದೊಡ್ಡದಾದ ಮ್ಯಾಲೆ ಏನು? ನಂದು ಅಂತ ಬಾಯಿ ಬಿಟ್ಲಂದ್ರ ಆತು. ಅಂವ ಎಲ್ಲಿ ಕುಂತು ಕೇಳಿರ್ತಾನೋ. ರೊಟ್ಟಿ ಹೊತ್ತಾಕತ್ತೈತಿ ನೋಡು.”

ಮರುದಿನ ಮಂಗಳವಾರ ಕರೆಹೊಲಕ್ಕೆ ಹೋದೆ. ಬೆಣ್ಣಿಹಳ್ಳದ ಆಚೆ, ಕರಿಮಣ್ಣಿನ ಬಯಲಿನ ನಡುವೆ ಇನ್ನೂರು ಮನೆ. ಬಸ್ಸಿನಿಂದ ಇಳಿದಾಗ ಹನ್ನೊಂದು ಗಂಟೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ, ಎಲ್ಲ ಬಾಗಿಲುಗಳಿಗೂ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಖಾತೂನಬಿಯ ಮನೆ ಕೇಳಿದರೆ ಒಬ್ಬಾಕೆ ಗೋಣಿಯ ಸಂದಿಯಿಂದ ಕೈ ಮಾತ್ರ ಹೊರಗೆ ಚಾಚಿ ತೋರಿಸಿದಳು.

ಮಗ್ಗ ನೆಲದಿಂದ ಜಂತಿಯವರೆಗೆ ನಿಂತಿತ್ತು. ಅರ್ಧ ನೇಯ್ದ ಜಮಖಾನದ ಮುಂದೆ ಖಾತೂನಬಿ ಸುಮ್ಮನೆ ಕೂತಿದ್ದಳು. ಎಪ್ಪತ್ತರ ಹತ್ತಿರದ, ಸಣ್ಣ ಮೈಯ ಹೆಂಗಸು. ಬಾಚಣಿಕೆಯಂಥ ಕಬ್ಬಿಣದ ಪಂಜ ತೊಡೆಯ ಮೇಲೆ ಇತ್ತು. ನಾನು ಯಾರೆಂದು ಹೇಳಿದಾಗ ಆಕೆ ಎದ್ದು ನಿಂತಳು.

“ಹೋದಳೇನ್ರಿ?”

“ಇಲ್ಲ. ಗುರುವಾರ ಇನ್ನೊಂದು ಸಲ ಐತಿ.”

ಆಕೆ ಮತ್ತೆ ಕೂತಳು. “ನಾ ಕರದೆನ್ರಿ. ಎರಡು ಸಲನೂ ಗಂಟ್ಲ ಹರಿಯೂ ಹಂಗ ಕರದೆ. ಪರದಿ ಮ್ಯಾಲಿನ ಗೆರಿ ಅಲುಗಲಿಲ್ಲ ಅಂದ್ರು.”

“ನೀವು ಆಕೀ ತಾಯಿ ಹೌದಲ್ರೀ?” ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಹಲವು ಬಗೆಯಲ್ಲಿ ಜೋಡಿಸಿ ನೋಡಿದ್ದೆ. ಬಾಯಿಗೆ ಬಂದದ್ದು ಎಲ್ಲಕ್ಕಿಂತ ಒರಟಾದದ್ದು.

ಖಾತೂನಬಿಯ ಕಣ್ಣು ಒಮ್ಮೆ ಎಡಗಡೆಯ ಗೋಡೆಗೆ ಹೋಗಿ ಬಂತು. ಆ ಗೋಡೆಯಲ್ಲಿ ಒಂದು ಹಿಡಿ ಗಾತ್ರದ ಗೂಡು ಇತ್ತು, ಆ ಕಡೆಗೂ ತೆರೆದದ್ದು. ಬೆಂಕಿಪೊಟ್ಟಣ, ಉಪ್ಪು ದಾಟಿಸುವಷ್ಟು ಅಗಲ.

“ಹೌದಂತ ಹೇಳ ಖಾತೂನ,” ಎಂದು ಗೂಡಿನ ಆಚೆಯಿಂದ ಒಂದು ಹೆಣ್ಣು ದನಿ ಬಂತು. “ಹೌದ್ರೀ ಅಕ್ಕಾರ. ಆಕಿನ ತಾಯಿ. ದಫ್ತರದಾಗ ಬರದೈತಿ, ನೋಡಿಲ್ಲೇನು?”

“ನೀ ಸುಮ್ನಿರ ನೀಲಾ,” ಅಂದಳು ಖಾತೂನಬಿ, ಗೋಡೆಯತ್ತ ತಿರುಗದೆ. “ನಿನ್ನ ಮಾತು ಕೇಳಿ ಎರಡು ಸಲ ಹೋತು.”

ನೀಲವ್ವ ಬೀದಿಗೆ ಬರಲಿಲ್ಲ. ಹಿತ್ತಲಿನಿಂದ ಸುತ್ತಿ ಬಂದು ಹೊಸ್ತಿಲ ಆಚೆಯೇ ನಿಂತಳು. ಅರವತ್ತೈದು ಇರಬಹುದು, ಎತ್ತರದ ಹೆಂಗಸು, ತಲೆಯ ಮೇಲೆ ಸೆರಗು. ಒಳಗೆ ಬನ್ನಿ ಅಂದೆ. “ಇಲ್ಲೇ ಚಲೋ ಐತ್ರಿ,” ಅಂದಳು.

ನಾನು ಹೊಸ್ತಿಲ ಹತ್ತಿರ ಹೋಗಿ ಕೂತೆ. ಫಕೀರವ್ವನನ್ನು ಹೆತ್ತಿರಾ ಎಂದು ಕೇಳಲಿಲ್ಲ. ಮೊದಲ ವರ್ಷ ಕೂಸು ಯಾವ ಮನೆಯಲ್ಲಿ ಮಲಗುತ್ತಿತ್ತು ಎಂದು ಕೇಳಿದೆ.

“ನಮ್ಮನ್ಯಾಗ ಮಲಗ್ತಿತ್ರಿ. ಬಾಜೂ ಮನಿ ಕೂಸು, ಖಾತೂನ ಮಗ್ಗಕ್ಕ ಕುಂಡ್ರಾಕಿ, ಬಿಡುವಿಲ್ಲ. ಹಂಗಾಗಿ.”

“ದೊಡ್ಡಾಕಿ ಆದ ಮ್ಯಾಲೆ?”

“ಆಗ್ಲೂ. ಇಲ್ಲೇ ಉಣ್ತಿದ್ಲು, ಅಲ್ಲೇ ಮಲಗ್ತಿದ್ಲು. ಆಕಿಗೆ ಅಮ್ಮಾ ಅಂತಾಳ, ನನಗ ಚಿಗವ್ವ ಅಂತಾಳ. ನನ್ನ ಮಕ್ಳು ಮೂರು, ಮೂರೂ ಹ್ವಾದುವು ಅಕ್ಕಾರ. ಒಂದು ಹನ್ನೊಂದು ದಿನಕ್ಕ, ಒಂದು ನಾಕು ತಿಂಗ್ಳಿಗೆ, ಒಂದು ಬಾಯಿ ತೆರದು ‘ಅ’ ಅನ್ನೂದು ಕಲ್ತಿತ್ತು. ನನಗ ನಾಕನೇದು ಆಗಿಲ್ಲ. ಯಾರರ ಕೇಳಿದ್ರ ಇಷ್ಟ ಹೇಳ್ರಿ.”

ಅಷ್ಟು ಸ್ಪಷ್ಟವಾದ ಸುಳ್ಳನ್ನು ಅಷ್ಟು ನಿಧಾನವಾಗಿ ಯಾರೂ ನನಗೆ ಹೇಳಿರಲಿಲ್ಲ. ಒಂದೊಂದು ಪದವನ್ನೂ ಆಕೆ ಎಲ್ಲಿ ಇಡಬೇಕೆಂದು ನೋಡಿಯೇ ಇಡುತ್ತಿದ್ದಳು.

ನನ್ನ ಕೆಲಸದ ದಾರಿ ಹೇಳಿದೆ. ಇಬ್ಬರೂ ಜಿಲ್ಲಾ ಕಚೇರಿಗೆ ಬಂದು, ಬೆರಳು ಕೊಟ್ಟು, ನೀಲವ್ವ ಮೈಕಿನ ಮುಂದೆ ‘ನಾನು ಇವಳ ತಾಯಿ’ ಎಂದು ಒಂದು ಸಲ ಹೇಳಿದರೆ ಕಾಲಂ ತಿದ್ದಬಹುದು. ಆಗ ಗುರುವಾರ ಬಾಗಿಲು ನೀಲವ್ವನಿಗೆ ತೆರೆಯುತ್ತದೆ.

“ಬ್ಯಾಡ,” ಅಂದಳು ನೀಲವ್ವ.

“ಬರೇ ಒಂದು ಮಾತ್ರೀ.”

“ಅದ ಮಾತು ಬ್ಯಾಡ. ಬರಿಯೂದೂ ಬ್ಯಾಡ.”

“ಏನ ಹಟ ಇದು?” ಖಾತೂನಬಿಯ ಕೈಯಲ್ಲಿದ್ದ ಪಂಜ ನೆಲಕ್ಕೆ ಬಿತ್ತು. “ಆ ಜವರಾಯ ಏನು ಓದಾಕ ಕಲ್ತಾನೇನು, ದಫ್ತರ ನೋಡಾಕ?”

“ಈಗೆಲ್ಲಾರೂ ಕಲ್ತಾರ,” ಅಂದಳು ನೀಲವ್ವ. ಆಮೇಲೆ ನನ್ನ ಕಡೆ ನೋಡಿದಳು. “ಇಪ್ಪತ್ತೊಂಬತ್ತು ವರ್ಷ ನಾ ಬಾಯಿ ಹಿಡದು ಆಕಿ ಬದುಕ್ಯಾಳ. ಈಗ ಮಲಗ್ಯಾಳ, ಹೌದು. ಸತ್ತಿಲ್ಲ. ನಾ ಆ ಮಾತಂದು ಎಬ್ಬಿಸಿ, ಆಕಿ ಮರದಿನ ಹ್ವಾದ್ರ? ನೀವು ಕಾಲಂ ತಿದ್ದತೀರಿ. ಆಮ್ಯಾಲೆ ಏನು ತಿದ್ದತೀರಿ?”

ಅವಳಿಗೆ ಉತ್ತರ ಕೊಡಬಲ್ಲ ವಿಜ್ಞಾನ ನನಗೆ ಗೊತ್ತಿತ್ತು. ಮೂರು ಕೂಸುಗಳು ಯಾಕೆ ಹೋಗಿರಬಹುದು, ನಾಲ್ಕನೆಯದು ಯಾಕೆ ಉಳಿದಿರಬಹುದು ಎಂದು ಹೇಳಬಹುದಾಗಿತ್ತು. ಹೊಸ್ತಿಲ ಆಚೆ ಬಿಸಿಲಲ್ಲಿ ನಿಂತ ಆ ಹೆಂಗಸಿನ ಪಾದ ಸುಡುತ್ತಿತ್ತು, ಅವಳು ಒಂದಾದ ಮೇಲೆ ಒಂದು ಕಾಲು ಎತ್ತಿ ಇಡುತ್ತಿದ್ದಳು. ನಾನು ಹೇಳಲಿಲ್ಲ.

“ಮತ್ತ ನೀವು ಆಕಿಗೆ ಏನಾಗಬೇಕು?” ಎಂದು ಕೇಳಿದೆ. “ತಾಯಿ ಅಲ್ಲ. ಸರಿ. ಏನು?”

ನೀಲವ್ವ ಯೋಚಿಸಿದಳು. “ಮಾರಿದಾಕಿ,” ಅಂದಳು.

ಬುಧವಾರ ಬೆಳಿಗ್ಗೆ ಆ ಪದವನ್ನು ಕೊಟ್ರೇಶನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಚಹಾ ಕೆಳಗಿಟ್ಟ.

ದಫ್ತರದಲ್ಲಿ ನಂಟುಗಳಿಗೆ ಬೇರೆಯದೇ ಟೇಬಲ್ ಇತ್ತು. ತಾಯಿ, ತಂದೆ, ಅಣ್ಣ, ಸೋದರಮಾವ, ಬೀಗ, ಓರಗಿತ್ತಿ, ಹೀಗೆ ನಲವತ್ತೇಳು. ಕಾಯಿದೆ ಮಾಡಿದವರು ಪುಣ್ಯಕ್ಕೆ ಒಂದು ಕಿಟಕಿ ಬಿಟ್ಟಿದ್ದರು. ಜನರ ಬಾಯಲ್ಲಿರುವ, ಪಟ್ಟಿಯಲ್ಲಿಲ್ಲದ ನಂಟನ್ನು ಜಿಲ್ಲೆಯ ಜೋಡಣೆ ಅಧಿಕಾರಿ ಸೇರಿಸಬಹುದು. ಪದ ಬೇಕು, ಒಂದು ವಾಕ್ಯದ ಅರ್ಥ ಬೇಕು, ಎರಡೂ ಕಡೆಯವರ ಒಪ್ಪಿಗೆ ಬೇಕು. ಒಂದು ಕಡೆಯವರು ಪ್ರಜ್ಞೆಯಲ್ಲಿಲ್ಲದಿದ್ದರೆ ಅವರ ತಾಯಿಯ ಒಪ್ಪಿಗೆ ಸಾಕು. ದಫ್ತರದ ಪ್ರಕಾರ ತಾಯಿ ಖಾತೂನಬಿ. ಆ ಸಾಲು ಹಾಗೆಯೇ ಇದ್ದರೇ ನನ್ನ ಕೆಲಸ ಆಗುವಂತಿತ್ತು.

“ಮಾರಿದಾಕಿ ಅಂತ ಸೇರಿಸಿದ್ರ ಏನಾಗ್ತೈತಿ ಗೊತ್ತೇನ್ರಿ?” ಕೊಟ್ರೇಶ ದನಿ ತಗ್ಗಿಸಿದ. “ಮನುಷ್ಯರ ಸಾಲಿನ ಮುಂದ ಮಾರಾಟದ ಪದ ಬಂತಂದ್ರ ತಾನ ಠಾಣೆಗೆ ಸುದ್ದಿ ಹೋಗ್ತೈತಿ. ಹತ್ತು ನಿಮಿಷದಾಗ ಇಬ್ರನ್ನೂ ಒಯ್ತಾರ. ಗುರುವಾರ ಎಚ್ಚರದ ಕೋಣಿ ಅಲ್ಲ, ಮಹಿಳಾ ಠಾಣೆ.”

ಹಾಲೂಡಿಸಿದಾಕಿ ಎಂದು ಬರೆದೆ. ಅಳಿಸಿದೆ. ಸಾಕಿದಾಕಿ ಎಂದು ಬರೆದೆ. ಪದಗಳನ್ನು ಕರೆಹೊಲಕ್ಕೆ ಫೋನ್ ಮಾಡಿ ಒಂದೊಂದಾಗಿ ಹೇಳಿದೆ. ಗೋಡೆಯ ಗೂಡಿನಲ್ಲಿ ಖಾತೂನಬಿ ಫೋನ್ ಇಟ್ಟಿರಬೇಕು, ಎರಡೂ ಮನೆಯ ಪಾತ್ರೆಯ ಸದ್ದು ಕೇಳುತ್ತಿತ್ತು.

“ಹಾಲು ಅಂದ್ರ ಅವಂಗ ತಿಳೀತೈತ್ರಿ,” ಅಂದಳು ನೀಲವ್ವ. “ಸಾಕಿದ್ದು ಅಂದ್ರೂ ತಿಳೀತೈತಿ. ಅಷ್ಟೇನೂ ಹುಚ್ಚಲ್ಲ ಅಂವ.”

“ಹಂಗಾರ ನೀನ ಹೇಳ ಮಾರಾಯ್ತಿ,” ಅಂದಳು ಖಾತೂನಬಿ. “ಊರಾಗ ನಿನಗೇನಂತಾರ?”

“ಏನಂತಾರ? ಫಕೀರಿ ಬಾಜೂಮನಿಯಾಕಿ ಅಂತಾರ.”

ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ನಲವತ್ತೇಳು ನಂಟುಗಳಲ್ಲಿ ಪಕ್ಕದ ಮನೆ ಇರಲಿಲ್ಲ. ಇಷ್ಟು ವರ್ಷ ಯಾರೂ ಅದನ್ನು ಕೇಳಿರಲೂ ಇಲ್ಲ.

ನಲವತ್ತೆಂಟು: ಬಾಜೂಮನಿಯಾಕಿ. ಅರ್ಥದ ಜಾಗದಲ್ಲಿ ಬರೆದೆ: ‘ನಡುವೆ ಒಂದು ಗೋಡೆ ಇರುವವಳು, ಮಗು ಹುಟ್ಟಿದಂದಿನಿಂದ ಇವಳ ದನಿ ಕೇಳಿದೆ.’ ಹೆತ್ತದ್ದು, ಕೊಂಡದ್ದು ಯಾವುದೂ ಅಲ್ಲಿ ಬರಲಿಲ್ಲ. ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ. ಎರಡು ಸಲ ನೋಡಿದೆ. ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಬಂದು ಬೆರಳು ಒತ್ತಿ ಹೋದರು. ನೀಲವ್ವ ಪದವನ್ನು ನನ್ನಿಂದ ಜೋರಾಗಿ ಓದಿಸಿ, ಸುತ್ತ ನೋಡಿ, ಆಮೇಲೆ ಬೆರಳು ಕೊಟ್ಟಳು.

ಉಳಿದದ್ದು ಆ ಒಂದು ಸಾಲು. ಮೊದಲ ದನಿ ಅಂದರೆ ತಾಯಿ. ನಂಟಿನ ಟೇಬಲ್ಲಿಗೆ ಗುರುತಿನ ಕಾಲಂ ಒಂದನ್ನು ಸೇರಿಸಿ, ನೀಲವ್ವನ ಎದುರು ಗುರುತು ಹಾಕಿ, ಆ ಸಾಲನ್ನು ಹೀಗೆ ಮಾಡಿದೆ: ಮೊದಲ ದನಿ ಎಂದು ನಂಟಿನ ಟೇಬಲ್ಲಿನಲ್ಲಿ ಯಾರಿಗೆ ಗುರುತು ಇದೆಯೋ ಅವರು, ಯಾರಿಗೂ ಇಲ್ಲದಿದ್ದರೆ ತಾಯಿ. ಬರೆಯುವುದು ಸುಲಭ. ಆದರೆ ರಾಜ್ಯದ ಎಲ್ಲ ತಂಪುಮನೆಗಳೂ ಅದೇ ಸಾಲಿನ ಮೇಲೆ ನಡೆಯುತ್ತಿದ್ದವು. ನನ್ನ ಒಂದು ಚುಕ್ಕಿ ತಪ್ಪಿದರೆ ಎಲ್ಲೋ ಬಳ್ಳಾರಿಯಲ್ಲಿ, ಬೀದರಿನಲ್ಲಿ ಯಾರದೋ ತಾಯಿಯ ಮುಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಡೇಟಾಬೇಸಿನ ನಕಲಿನ ಮೇಲೆ ಓಡಿಸಿ ನೋಡಿದೆವು. ಕೊಟ್ರೇಶ ಬೇಕೆಂದೇ ಕೆಟ್ಟ ಸಾಲುಗಳನ್ನು ಹಾಕಿದ: ತಾಯಿ ಇಲ್ಲದವರು, ಇಬ್ಬರು ಬಾಜೂಮನಿಯವರು ಇರುವವರು, ತಾಯಿಯೇ ಬಾಜೂಮನಿಯವಳಾದವರು. ಒಂದು ಕಡೆ ಮುರಿಯಿತು. ಸರಿ ಮಾಡಿದೆ. ಇನ್ನೊಂದು ಕಡೆ ಮುರಿಯಿತು.

“ಸಾಕು ಬಿಡ್ರಿ ಮೇಡಂ, ಇನ್ನ ಮುರಿಯಾಕ ಏನೂ ಉಳಿದಿಲ್ಲ,” ಎಂದು ಕೊಟ್ರೇಶ ಎದ್ದ.

ಗುರುವಾರ ಒಂದು ಗಂಟೆಗೆ, ರಾಜ್ಯದಲ್ಲಿ ಯಾರನ್ನೂ ಎಬ್ಬಿಸದ ಇಪ್ಪತ್ತು ನಿಮಿಷದ ಬಿಡುವಿನಲ್ಲಿ, ಹೊಸ ಸಾಲನ್ನು ಏರಿಸಿದೆವು. ಮೇಲಧಿಕಾರಿಯ ಒಪ್ಪಿಗೆ ಹನ್ನೆರಡು ಐವತ್ತಕ್ಕೆ ಬಂದಿತ್ತು. ಮೂರು ಗಂಟೆಗೆ ನಾನು ತಂಪುಮನೆಯಲ್ಲಿದ್ದೆ. ಹೊಸ ನಂಟಿನ ಮೊದಲ ಬಳಕೆಗೆ ಜೋಡಣೆ ಅಧಿಕಾರಿ ಎದುರಿಗಿದ್ದು ವರದಿ ತುಂಬಬೇಕು ಎಂಬುದು ನಿಯಮ.

ಡಾಕ್ಟರ್ ಉಪಾಧ್ಯೆ ನನ್ನನ್ನು ಗಾಜಿನ ಈಚೆಗೆ, ತಮ್ಮ ಪಕ್ಕ ಕೂರಿಸಿಕೊಂಡರು. ತೆಳ್ಳಗಿನ, ನಿದ್ರೆಗೆಟ್ಟ ಮುಖ. “ಬಾಜೂಮನಿಯಾಕಿ,” ಎಂದು ಪರದೆಯ ಮೇಲೆ ಓದಿದರು. “ಇದು ಖರೇನ ಆಕಿನೇನ್ರಿ? ನನಗ ಮತ್ತೊಂದು ಸಲ ಇಲ್ಲ.”

“ದನಿ ಆಕೀದ,” ಅಂದೆ.

ಗಾಜಿನ ಆಚೆ ಫಕೀರವ್ವ ಮಲಗಿದ್ದಳು. ನಾನು ಅವಳನ್ನು ನೋಡಿದ್ದು ಆಗಲೇ ಮೊದಲು. ಉದ್ದನೆಯ ಹುಡುಗಿ, ಬಿಸಿಲಿಗೆ ಸಿಪ್ಪೆ ಸುಲಿದ ಹಣೆ, ಕೈಬೆರಳುಗಳಲ್ಲಿ ಕಾಲುವೆಯ ಚಕ್ರ ತಿರುಗಿಸಿದ ಗಂಟುಗಳು. ನಾಲ್ಕು ಗಂಟೆಗೆ ಖಾತೂನಬಿ ಬೆರಳು ಒತ್ತಿದಳು. ತಾಯಿಗೆ ಒಳಗೆ ಹೋಗುವ ಹಕ್ಕು ಇದ್ದೇ ಇತ್ತು. ಅವಳ ಹಿಂದೆ ನೀಲವ್ವ ಒತ್ತಿದಳು. ಬಾಗಿಲು ಒಂದು ಕ್ಷಣ ಏನೂ ಮಾಡಲಿಲ್ಲ. ಅಷ್ಟು ದೂರದ ದಫ್ತರಕ್ಕೆ ಒಂದು ಪ್ರಶ್ನೆ ಹೋಗಿ, ಸಾಲು ಹುಡುಕಿ, ನಂಟು ಹುಡುಕಿ, ಗುರುತು ಹುಡುಕಿ ಬರಬೇಕಿತ್ತು. ಬಾಗಿಲು ತೆರೆಯಿತು.

ಮದ್ದು ಕೊಟ್ಟರು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಹರಿಯುತ್ತಿತ್ತು. ನೀಲವ್ವ ಮಂಚದಿಂದ ದೂರ, ಗೋಡೆಗೆ ಒರಗಿ ನಿಂತಿದ್ದಳು. ಮಾತಾಡಲಿಲ್ಲ. ಒಂದು ನಿಮಿಷ ಹೋಯಿತು, ಎರಡು ಹೋದವು. ಮದ್ದಿನ ಬಲ ಹನ್ನೊಂದು ನಿಮಿಷ.

“ಪ್ರೀತೀಲೆ ಏನರ ಮಾತಾಡು ಅಂತ ಹೇಳ್ರಿ ಆಕಿಗೆ,” ಅಂದರು ಡಾಕ್ಟರು.

“ಬ್ಯಾಡ್ರಿ. ಹಂಗ ಬಿಡ್ರಿ.”

ಖಾತೂನಬಿ ಮಂಚದ ಬದಿಯಿಂದ ತಿರುಗಿ ನೋಡಿದಳು. “ಗ್ವಾಡಿ ಐತಿ ಅಂತ ತಿಳ್ಕೊ ನೀಲಾ,” ಅಂದಳು. “ಈಕಡೆ ಅದಾಳ ಅಂತ ತಿಳ್ಕೊ.”

ಆಗ ನೀಲವ್ವ ಬಾಯಿ ತೆರೆದಳು.

“ಏ ಖಾತೂನನ ಮಗಳ,” ಅಂದಳು. ಅಂಗಳದಿಂದ ಅಂಗಳಕ್ಕೆ ಕೂಗುವ ದನಿ, ಆ ಸಣ್ಣ ಕೋಣೆಗೆ ಅದು ದೊಡ್ಡದಾಯಿತು. “ಏಳು. ಹೊತ್ತು ನೆತ್ತಿ ಮ್ಯಾಲೆ ಬಂತು. ಎಷ್ಟು ಮಲಗ್ತಿ? ನಿಮ್ಮವ್ವ ರೊಟ್ಟಿ ಬಡದು ಕುಂತಾಳ.”

ಗೆರೆ ಅಲುಗಿತು. ಡಾಕ್ಟರು ಮುಂದಕ್ಕೆ ಬಾಗಿದರು.

ನೀಲವ್ವ ನಿಲ್ಲಿಸಿದಳು, ಉಸಿರು ಮೇಲೆದ್ದು ಇಳಿಯುವುದನ್ನು ನೋಡಿದಳು, ಮತ್ತೆ ಶುರು ಮಾಡಿದಳು. “ನಾ ಯಾಕ ಎಬ್ಬಿಸಬೇಕು ನಿನ್ನ? ನಾ ನಿನಗೇನಾಗಬೇಕು? ನಾ ಹೊತ್ತಿಲ್ಲ. ನಾ ಹೆತ್ತಿಲ್ಲ. ಬಾಜೂ ಮನಿ ಕೂಸು ನೀ. ನಮ್ಮನ್ಯಾಗ ನಿಂದೊಂದು ತಾಟು ಐತಿ, ಬಂದು ಒಯ್ಯಿ. ನನಗೇನೂ ನಿನ್ನ ಗರಜಿಲ್ಲ.”

ಆಕೆ ಇಲ್ಲ ಅಂದಷ್ಟೂ ಗೆರೆ ಏರಿತು. ನನ್ನದಲ್ಲ ಅಂದಳು, ಏರಿತು. ಯಾರೋ ಮರದಾಗ ಹಾಕಿದ್ರು, ಯಾರೋ ತಗೊಂಡ್ರು, ನಾ ಅಲ್ಲೇ ನಿಂತು ನೋಡಿದಾಕಿ ಅಷ್ಟ, ಅಂದಳು. ಕೆನ್ನೆಯ ಮೇಲೆ ನೀರು ಹರಿದು ಗದ್ದದಿಂದ ಬೀಳುತ್ತಿತ್ತು. ದನಿಯಲ್ಲಿ ಅದರ ಸುಳಿವು ಬಾರದ ಹಾಗೆ ಬೈಯುತ್ತಲೇ ಇದ್ದಳು. ಒಂಬತ್ತನೆಯ ನಿಮಿಷದಲ್ಲಿ ಫಕೀರವ್ವನ ರೆಪ್ಪೆ ನಡುಗಿತು. ಹತ್ತನೆಯದರಲ್ಲಿ ಕಣ್ಣು ತೆರೆಯಿತು.

ಆ ಕಣ್ಣು ಹತ್ತಿರವಿದ್ದ ಖಾತೂನಬಿಯನ್ನು ದಾಟಿ ಗೋಡೆಯತ್ತ ಹೋಯಿತು. ಒಣಗಿದ ತುಟಿ ಬಿಚ್ಚಿಕೊಂಡಿತು.

“ಅವ್ವಾ,” ಅಂದಳು.

ಚಿಗವ್ವ ಎನ್ನಲು ಹೋಗಿ ಮೊದಲ ಅರ್ಧ ನಾಲಿಗೆಯಲ್ಲೇ ಉಳಿಯಿತೋ ಏನೋ. ಹಾಗೂ ಇರಬಹುದು. ಆದರೆ ನೀಲವ್ವನ ಮುಖ ನಾನು ನೋಡಿದೆ. ಕಾದಿದ್ದ ಮಾತು ಬಂತು ಎಂಬುದೂ, ಅದು ಬರಬಾರದಾಗಿತ್ತು ಎಂಬುದೂ ಆ ಮುಖದಲ್ಲಿ ಒಟ್ಟಿಗೇ ಬಂದವು. ಆಕೆ ಮೇಲೆ ಸೂರಿನ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿದಳು. ಆಮೇಲೆ ಮಂಚದ ಹತ್ತಿರ ಬಂದು, ಹುಡುಗಿಯ ಕೈ ಎತ್ತಿ, ಖಾತೂನಬಿಯ ಕೈಯಲ್ಲಿ ಇಟ್ಟಳು.

“ಇಲ್ಲೆ ಅದಾಳವಾ ನಿಮ್ಮವ್ವ,” ಅಂದಳು. “ಕಣ್ಣಿಗೆ ಕತ್ತಲಿ ಬಂದೈತಿ ಹುಡುಗಿಗೆ. ಇಲ್ಲೆ ಅದಾಳ ನೋಡು.” ಎಂದು ಹಿಂದೆ ಸರಿದಳು.

ಡಾಕ್ಟರು ಒಳಗೆ ಓಡಿ, ನಾಡಿ ನೋಡಿ, ಕಣ್ಣಿಗೆ ಬೆಳಕು ಬಿಟ್ಟು, ಹತ್ತು ನಿಮಿಷದ ನಂತರ ನನ್ನ ಪಕ್ಕ ಬಂದು ಕೂತರು. ನನ್ನ ಮುಂದೆ ವರದಿಯ ಪುಟ ತೆರೆದಿತ್ತು. ಕೊನೆಯ ಜಾಗ: ‘ಎದ್ದವರ ಮೊದಲ ಮಾತು, ಯಾರಿಗೆ ಹೇಳಿದ್ದು.’ ಖಾಲಿ ಬಿಟ್ಟರೆ ಪುಟ ಮುಚ್ಚುವುದಿಲ್ಲ. ಎಚ್ಚರದ ಕೋಣೆಯ ದನಿ ಉಳಿಸುವಂತಿಲ್ಲ ಎಂಬುದು ಕಾಯಿದೆ, ಬರೆದದ್ದಷ್ಟೇ ಉಳಿಯುತ್ತದೆ. ಆ ಜಾಗದಲ್ಲಿ ಅವ್ವ ಎಂದು ಬರೆದು ಎದುರಿಗೆ ನೀಲವ್ವನ ಕೀ ಇಟ್ಟರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎರಡೂ ಕೂಡುವುದಿಲ್ಲ ಎಂದು ದಫ್ತರ ಕಂಡುಹಿಡಿಯುತ್ತದೆ. ತಿದ್ದುಪಡಿಯ ಪ್ರಕರಣ ತಾನಾಗಿ ತೆರೆಯುತ್ತದೆ. ಇಬ್ಬರಿಗೂ ಸಮನ್ಸ್ ಹೋಗುತ್ತದೆ, ನೀಲವ್ವನನ್ನು ಮೈಕಿನ ಮುಂದೆ ನಿಲ್ಲಿಸಿ ಕೇಳುತ್ತಾರೆ.

ಹದಿನೇಳು ವರ್ಷದ ಕೆಲಸದಲ್ಲಿ ನಾನು ದಫ್ತರಕ್ಕೆ ಇಲ್ಲದ್ದನ್ನು ಬರೆದಿರಲಿಲ್ಲ. ಇಲ್ಲದ್ದು ಒಂದು ಸಾಲಿನಲ್ಲಿ ಸೇರಿದರೆ ಕೀ ಹಿಡಿದು ಎಷ್ಟು ಮನೆಗೆ ಹೋಗುತ್ತದೆ ಎಂಬ ಹೆದರಿಕೆಯೇ ನನ್ನನ್ನು ಈ ಕೆಲಸಕ್ಕೆ ಯೋಗ್ಯಳನ್ನಾಗಿ ಮಾಡಿತ್ತು.

ಗಾಜಿನ ಆಚೆ ಫಕೀರವ್ವ ಮತ್ತೆ ತುಟಿ ಅಲ್ಲಾಡಿಸಿದಳು. ಖಾತೂನಬಿ ಚಮಚ ಹುಡುಕಿದಳು.

‘ನೀರು,’ ಎಂದು ಬರೆದೆ. ‘ತಾಯಿಗೆ.’

ಡಾಕ್ಟರ್ ಉಪಾಧ್ಯೆ ಪರದೆಯನ್ನು ಓದಿದರು. ಆಮೇಲೆ ನನ್ನ ಮುಖ ನೋಡಿದರು, ಸ್ವಲ್ಪ ಹೆಚ್ಚೇ ಹೊತ್ತು. “ನನಗೂ ಹಂಗ ಕೇಳಿಸ್ತ್ರಿ,” ಎಂದು ಹೆಬ್ಬೆರಳು ಒತ್ತಿದರು.

ಪುಟ ಮುಚ್ಚಿತು. ಖಾತೂನಬಿ ಚಮಚದಿಂದ ಹುಡುಗಿಯ ಬಾಯಿಗೆ ನೀರು ಹನಿಸುತ್ತಿದ್ದಳು. ನೀಲವ್ವ ಎರಡು ಹೆಜ್ಜೆ ಹಿಂದೆ, ಪಕ್ಕದ ಮನೆಯವಳು ನಿಲ್ಲಬೇಕಾದಷ್ಟು ದೂರದಲ್ಲಿ ನಿಂತು, ಪ್ರತಿ ಗುಟುಕಿಗೂ ತಾನೂ ನುಂಗುತ್ತಿದ್ದಳು.